ನಕ್ಷತ್ರಮೀನನ್ನು ಕಿತ್ತೆಸೆದ ವಿಜ್ಞಾನಿ



ಕಡಲ ಜೀವಿಗಳ ಸಂಶೋಧನೆಯಲ್ಲಿ ಆಯುಷ್ಯ ಕಳೆದ ಅಮೆರಿಕದ ವಿಜ್ಞಾನಿಯೊಬ್ಬರ ವಿಷಯ ಭತ್ತ, ಜೋಳ ಬೆಳೆಯುವವರಿಗೆ ಏತಕ್ಕೆ ಎಂದು ತಾವು ಕೇಳಬಹುದು. ಆದರೆ ಡಾ. ರಾಬರ್ಟ್ ಪೇನ್ ಅವರು ಮಾಡಿದ್ದು ಬೇಸಾಯಗಾರನಿಗೆ ಪರಿಚಯವಿರುವ ಕೆಲಸವೇ. ಒಂದು ತಾಕಿನಲ್ಲಿ ಒಂದೇ ಒಂದು ಬದಲಾವಣೆ ಮಾಡಿ, ಪಕ್ಕದ ತಾಕನ್ನು ಇದ್ದಂತೆಯೇ ಬಿಟ್ಟು, ತಾಳ್ಮೆಯಿಂದ ಎಣಿಸುತ್ತ ಹೋದರು, ಅಷ್ಟೆ.

ಪೇನ್ ಅವರು ಹುಟ್ಟಿದ್ದು 1933ರಲ್ಲಿ. ಮಿಷಿಗನ್ ವಿಶ್ವವಿದ್ಯಾನಿಲಯದಿಂದ 1961ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿ ಅವರ ಗುರುಗಳಾಗಿದ್ದ ಫ್ರೆಡ್ ಸ್ಮಿತ್ ಅವರು ಒಮ್ಮೆ ಅಂಗಳದ ಮರವೊಂದನ್ನು ತೋರಿಸಿ, ಅದು ಹಸಿರಾಗಿರುವುದೇಕೆ ಎಂದು ಶಿಷ್ಯರನ್ನು ಕೇಳಿದರಂತೆ. ಪತ್ರಹರಿತ್ತು ಇರುವುದರಿಂದ ಎಂಬುದು ಶಾಲೆಯ ಉತ್ತರ. ಸ್ಮಿತ್ ಅವರ ಪ್ರಶ್ನೆ ಬೇರೆ. ಎಲೆ ತಿನ್ನುವ ಹುಳುಗಳು ಇಷ್ಟೊಂದಿರುವಾಗ ಮರದಲ್ಲಿ ಎಲೆ ಉಳಿದಿರುವುದಾದರೂ ಹೇಗೆ? ಆ ಹುಳುಗಳನ್ನು ತಿನ್ನುವ ಜೀವಿಗಳು ಅವುಗಳನ್ನು ಹದ್ದಿನಲ್ಲಿಡುತ್ತವೆ ಎಂದು ಸ್ಮಿತ್ ಹಾಗೂ ಅವರ ಇಬ್ಬರು ಸಹೋದ್ಯೋಗಿಗಳು 1960ರಲ್ಲಿ ಬರೆದರು. ವಾದವೇನೋ ಚೆನ್ನಾಗಿತ್ತು, ಪ್ರಯೋಗದ ಆಧಾರ ಬೇಕಾಗಿತ್ತು.

1962ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾನಿಲಯವನ್ನು ಸೇರಿದ ಪೇನ್ ಅವರಿಗೆ ಆ ಆಧಾರ ಮಕಾ ಕೊಲ್ಲಿಯ ಬಂಡೆಗಳ ಮೇಲೆ ದೊರೆಯಿತು. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವ ಬಂಡೆಗಳವು. ಅವುಗಳ ಮೇಲೆ ಕಡಲಪಾಚಿ, ಬಾರ್ನಕಲ್, ಹಾಗೂ ನಮ್ಮ ಕರಾವಳಿಯವರು ಪಚ್ಚಿಲೆ, ನೀಲಿಕಲ್ಲು ಎನ್ನುವ ಚಿಪ್ಪುಜೀವಿಯ ಜಾತಿಯವು ಅಂಟಿಕೊಂಡು ಬದುಕುತ್ತವೆ. ಇವನ್ನು ತಿನ್ನಲು ನಕ್ಷತ್ರಮೀನು ಬರುತ್ತದೆ. 1963ರ ಜೂನ್ ತಿಂಗಳಿನಿಂದ ಪೇನ್ ಅವರು ಸುಮಾರು 8 ಮೀಟರ್ ಉದ್ದ, 2 ಮೀಟರ್ ಅಗಲದ ಒಂದು ಪಟ್ಟಿಯಿಂದ ನಕ್ಷತ್ರಮೀನುಗಳನ್ನು ಹಾರೆಯಿಂದ ಮೀಟಿ ಕಡಲಿಗೆ ಎಸೆಯತೊಡಗಿದರು. ಪಕ್ಕದ ಪಟ್ಟಿಯನ್ನು ಮುಟ್ಟಲಿಲ್ಲ.

ತಿನ್ನುವವನು ಹೋದರೆ ಉಳಿದವರೆಲ್ಲ ಸುಖವಾಗಿರಬೇಕಲ್ಲವೇ? ಹಾಗಾಗಲಿಲ್ಲ. ಸೆಪ್ಟೆಂಬರ್ ವೇಳೆಗೆ ಜಾಗದ ಶೇ. 60ರಿಂದ 80ರಷ್ಟನ್ನು ಬಾರ್ನಕಲ್ ಆಕ್ರಮಿಸಿತು. ಬಳಿಕ ಪಚ್ಚಿಲೆ ಬೆಳೆದು ಅದನ್ನೂ ಒತ್ತರಿಸಿತು. ಮೊದಲಿದ್ದ 15 ಜಾತಿಗಳಲ್ಲಿ ಉಳಿದವು 8. ಮುಟ್ಟದೆ ಬಿಟ್ಟ ಪಟ್ಟಿಯಲ್ಲಿ ಇಂಥ ಕುಸಿತವಾಗಲಿಲ್ಲ. ಗೊಬ್ಬರ ಸಿಕ್ಕಿದ ಒಂದು ಕಳೆ ಇಡೀ ಮಡಿಯನ್ನು ನುಂಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಫಲಿತಾಂಶ 1966ರಲ್ಲಿ ಪ್ರಕಟವಾಯಿತು. 1969ರಲ್ಲಿ ಪೇನ್ ಅವರು ಇಂತಹ ಜೀವಿಗೆ ‘ಕೀಸ್ಟೋನ್’ ಎಂಬ ಹೆಸರು ಕೊಟ್ಟರು. ಕೀಸ್ಟೋನ್ ಎಂದರೆ ಕಮಾನಿನ ನೆತ್ತಿಯಲ್ಲಿ ಕೂಡಿಸುವ ಕಲ್ಲು. ಅದನ್ನು ತೆಗೆದರೆ ಕಮಾನು ನಿಲ್ಲದು.

1971ರಲ್ಲಿ ಅಲಾಸ್ಕದ ಆಮ್‌ಚಿಟ್ಕ ದ್ವೀಪದಲ್ಲಿ ಜಿಮ್ ಎಸ್ಟಿಸ್ ಎಂಬ ವಿದ್ಯಾರ್ಥಿ ಪೇನ್ ಅವರನ್ನು ಭೇಟಿಯಾದರು. ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯ ಕಾಡು ಕಡಲ ನೀರುನಾಯಿಗಳನ್ನು ಹೇಗೆ ಸಾಕುತ್ತದೆ ಎಂಬುದು ಎಸ್ಟಿಸ್ ಅವರ ವಿಚಾರ. ನೀರುನಾಯಿ ಆ ಕಾಡಿಗೆ ಏನು ಮಾಡುತ್ತದೆ ಎಂದು ನೋಡಬಾರದೇಕೆ ಎಂದರು ಪೇನ್. ನೋಡಿದಾಗ, ನೀರುನಾಯಿಗಳಿಲ್ಲದ ದ್ವೀಪದ ಸುತ್ತ ಮುಳ್ಳುಚೆಂಡಿನಂತಹ ಅರ್ಚಿನ್ ಜೀವಿಗಳು ಹೆಚ್ಚಿ ಕೆಲ್ಪ್ ಅನ್ನು ಬೋಳು ಮಾಡಿದ್ದವು. ಪ್ರಶ್ನೆಯನ್ನು ತಿರುವಿ ಹಾಕಿದ್ದೇ ದೊಡ್ಡ ಮಾರ್ಗದರ್ಶನವಾಯಿತು. ಶಿಷ್ಯರು ಸ್ವತಂತ್ರವಾಗಿ ಮಾಡಿದ ಕೆಲಸಕ್ಕೆ ತಮ್ಮ ಹೆಸರು ಸೇರಿಸದಿರುವುದು ಪೇನ್ ಅವರ ರೂಢಿಯಾಗಿತ್ತು. ಇದು ಅಪರೂಪದ ಗುಣ. ಆ ಶಿಷ್ಯರಲ್ಲೊಬ್ಬರಾದ ಜೇನ್ ಲುಬ್‌ಚೆಂಕೊ 2009ರಿಂದ 2013ರವರೆಗೆ ಅಮೆರಿಕದ ಸಾಗರ ಮತ್ತು ವಾಯುಮಂಡಲ ಇಲಾಖೆಯ ಮುಖ್ಯಸ್ಥರಾಗಿದ್ದರು. ಇನ್ನೊಬ್ಬ ಶಿಷ್ಯ ಬ್ರೂಸ್ ಮೆಂಜ್ ಹಾಗೂ ಸಂಗಡಿಗರು ಗುರುವಿನ ಮಾತಿಗೇ ಮಿತಿ ತೋರಿಸಿದರು. ಅಲೆ ಅಪ್ಪಳಿಸುವ ಬಂಡೆಗಳಲ್ಲಿ ನಕ್ಷತ್ರಮೀನಿನ ಪ್ರಭಾವ ಬಲವಾಗಿದ್ದು, ಮರೆಯಾದ ಕಡೆ ದುರ್ಬಲವಾಗಿತ್ತೆಂದು 1994ರಲ್ಲಿ ವರದಿ ಮಾಡಿದರು. ಕಂಡ ಕಂಡ ಜೀವಿಗಳನ್ನೆಲ್ಲ ಕೀಸ್ಟೋನ್ ಎನ್ನುವ ಚಾಳಿಗೆ ಇದು ಒಳ್ಳೆಯ ಔಷಧ.

ಪೇನ್ ಅವರು 2016ರಲ್ಲಿ ತೀರಿಕೊಂಡರು. ಅದಕ್ಕೆ ಮುನ್ನ, 2013ರಿಂದ, ಅದೇ ಕರಾವಳಿಯುದ್ದಕ್ಕೂ ರೋಗ ತಗಲಿ ನಕ್ಷತ್ರಮೀನುಗಳು ಲಕ್ಷಗಟ್ಟಲೆ ಸತ್ತವು. ಹಾರೆಯಿಂದ ಮಾಡಿದ್ದನ್ನು ರೋಗವೇ ಮಾಡತೊಡಗಿತ್ತು.

ಭತ್ತದ ಗದ್ದೆಯಲ್ಲಿ ಜೇಡ ಕೀಸ್ಟೋನ್ ಎಂದು ಹೇಳುವಂತಿಲ್ಲ. ಅಲ್ಲಿ ಜೇಡ, ಮಿರಿಡ್ ತಿಗಣೆ ಮೊದಲಾದ ಹಲವು ಜೀವಿಗಳು ಕೂಡಿ ಕಂದು ಜಿಗಿಹುಳುವನ್ನು ತಡೆಯುತ್ತವೆ. ಆದರೆ ನಾಟಿಯಾದ ಮೊದಲ ವಾರಗಳಲ್ಲೇ ಕಂಡ ಔಷಧವನ್ನು ಸಿಂಪಡಿಸಿದರೆ ಈ ಕಾವಲುಗಾರರು ಸಾಯುತ್ತಾರೆ, ಜಿಗಿಹುಳು ಮತ್ತೆ ಇಮ್ಮಡಿಯಾಗಿ ಏಳುತ್ತದೆ. ಇದೇ ಅನುಭವದಿಂದ ಇಂಡೊನೇಷ್ಯ ಸರ್ಕಾರ 1986ರಲ್ಲಿ 57 ಕೀಟನಾಶಕಗಳನ್ನು ಭತ್ತದಲ್ಲಿ ಬಳಸದಂತೆ ನಿಷೇಧಿಸಿತು. ಈ ಹಂಗಾಮಿನಲ್ಲಿ ಒಂದು ಮಡಿಯನ್ನು ಮುನ್ನೆಚ್ಚರಿಕೆಯ ಸಿಂಪರಣೆಯಿಲ್ಲದೆ ಬಿಡಿ. ವಾರಕ್ಕೊಮ್ಮೆ ಎರಡೂ ಮಡಿಗಳಲ್ಲಿ ಹತ್ತು ಹತ್ತು ಪೈರಿನ ಬುಡ ಬಿಡಿಸಿ, ಜಿಗಿಹುಳು ಎಷ್ಟು, ಜೇಡ ಎಷ್ಟು ಎಂದು ಬರೆದಿಡಿ. ಜಿಗಿಹುಳು ವಾರದಿಂದ ವಾರಕ್ಕೆ ಏರುತ್ತಿದ್ದರೆ ಕಾಯದೆ ಆ ಚೀಟಿಯೊಂದಿಗೆ ಕೃಷಿ ಅಧಿಕಾರಿಗಳನ್ನು ಕಾಣಿ.