ಒರೆಗೆ ನಿಂತ ಗುಣ



ಕೆಲವು ದಿನಗಳ ಹಿಂದೆ ನಮ್ಮ ಕಡೆಯ ಒಬ್ಬ ಹುಡುಗ ಮಠಕ್ಕೆ ಬಂದಿದ್ದ. ಐ.ಎ.ಎಸ್. ಪರೀಕ್ಷೆಗೆ ಓದುತ್ತಿರುವವನು. ಆ ಪರೀಕ್ಷೆಯಲ್ಲಿ 2013ರಿಂದ ನೀತಿಯ ವಿಷಯಕ್ಕೇ ಒಂದು ಪತ್ರಿಕೆ ಇದೆಯಂತೆ. ಅದರ ಪಾಠಪಟ್ಟಿಯಲ್ಲಿ 'ಪ್ರೋಬಿಟಿ' ಎಂಬ ಒಂದು ಆಂಗ್ಲ ಪದ. "ಬುದ್ಧಿ, ಇದಕ್ಕೆ ಪ್ರಾಮಾಣಿಕತೆ ಅಂತ ಬರೆದ್ರೆ ಸಾಕಾ?" ಎಂದು ಕೇಳಿದ. ನಾವು ಓದಿದ್ದು ಸಂಸ್ಕೃತ ಪಾಠಶಾಲೆಯಲ್ಲಿ. "ನಾಳೆ ಬಾ ಮಗು, ನೋಡಿ ಹೇಳ್ತೇವೆ" ಎಂದೆವು.

ರಾತ್ರಿ ನಿಘಂಟುಗಳನ್ನು ತೆರೆದು ಕುಳಿತೆವು. ಅದು ಹಳೆಯ ಪದ. ಸುಮಾರು 15ನೆಯ ಶತಮಾನದಲ್ಲಿ ಲ್ಯಾಟಿನ್ ಮೂಲದಿಂದ ಆಂಗ್ಲ ಭಾಷೆಗೆ ಬಂದದ್ದು. ಈಗ ಮನೆಯ ಮಾತಿನಲ್ಲಿ ಅದನ್ನು ಯಾರೂ ಬಳಸುವುದಿಲ್ಲ. ನ್ಯಾಯಾಲಯದ ತೀರ್ಪು, ಆಡಳಿತದ ವರದಿ, ಹಣಕಾಸಿನ ವ್ಯವಹಾರ, ಇಂಥ ಕಡೆ ಉಳಿದುಕೊಂಡಿದೆ. ಎಳೆಯ ಮಗು ಸುಳ್ಳು ಹೇಳದಿದ್ದರೆ ಅದಕ್ಕೆ ಈ ಪದ ಹೊಂದುವುದಿಲ್ಲ. ಬೇರೆಯವರ ಹಣ, ಬೇರೆಯವರ ನಂಬಿಕೆ, ಬೇರೆಯವರ ಅಧಿಕಾರ ಯಾರ ಕೈಯಲ್ಲಿದೆಯೋ, ಅವನು ಕೆಡದೆ ನಿಂತರೆ ಆ ಗುಣಕ್ಕೆ ಈ ಹೆಸರು.

ಅದರ ಮೂಲ 'ಪ್ರೋಬುಸ್' ಎಂಬ ಲ್ಯಾಟಿನ್ ಶಬ್ದ. ಒಳ್ಳೆಯದು, ಸತ್ತ್ವವುಳ್ಳದ್ದು ಎಂದರ್ಥ. ಅದರಿಂದಲೇ ಪರೀಕ್ಷಿಸು, ಪರೀಕ್ಷಿಸಿ ಒಪ್ಪು ಎಂಬ ಕ್ರಿಯಾಪದ ಹುಟ್ಟಿತು. ನೀವು ದಿನವೂ ಆಡುವ 'ಪ್ರೂಫ್' ಆ ಕ್ರಿಯಾಪದದಿಂದ ಬಂದದ್ದು. ಹೊಸದಾಗಿ ನೌಕರಿಗೆ ಸೇರಿದ ಮಗ "ಇನ್ನೂ ಪ್ರೊಬೇಷನ್ನಿನಲ್ಲಿದ್ದೇನೆ" ಎನ್ನುತ್ತಾನಲ್ಲ, ಅದೂ ಅದರದೇ ಸಂತಾನ. ಅಂದರೆ, ಒರೆಗಲ್ಲಿಗೆ ಉಜ್ಜಿದ ಮೇಲೆ ತಾನೆ ಚಿನ್ನ!

ಇನ್ನೊಂದು ಸಂಗತಿ ಕಂಡು ನಮಗೆ ರೋಮಾಂಚನವಾಯಿತು. ಆ 'ಪ್ರೋಬುಸ್' ಶಬ್ದವೂ ನಮ್ಮ 'ಪ್ರಭು' ಶಬ್ದವೂ ಒಂದೇ ಮೂಲದವು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. 'ಪ್ರ' ಎಂಬ ಉಪಸರ್ಗ, 'ಭೂ' ಎಂಬ ಧಾತು. ಮುಂದಾಗಿ ಇರುವವನು ಪ್ರಭು. ಕಲ್ಯಾಣದ ಅನುಭವ ಮಂಟಪದಲ್ಲಿ ಶೂನ್ಯ ಸಿಂಹಾಸನವನ್ನೇರಿದ ಅಲ್ಲಮರನ್ನು ಶರಣರು ಪ್ರಭುದೇವರೆಂದು ಕರೆದರು. ಮುಂದೆ ಕೂಡುವವನಿಗೂ ಪರೀಕ್ಷೆಗೂ ಶಬ್ದದಲ್ಲೇ ನಂಟಿದೆ, ನೋಡಿ.

ನಮ್ಮಲ್ಲಿ ಈ ವಿಚಾರ ಇರಲಿಲ್ಲವೆ? ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಉಪಧಾ' ಎಂಬ ಮಾತು ಬರುತ್ತದೆ. ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಆಮಿಷಗಳಿಂದ ಗುಟ್ಟಾಗಿ ಪರೀಕ್ಷಿಸಬೇಕು. ಹಣದ ಪರೀಕ್ಷೆಯಲ್ಲಿ ಗೆದ್ದವನಿಗೆ ಕಂದಾಯ ಮತ್ತು ಬೊಕ್ಕಸ; ಧರ್ಮದ ಪರೀಕ್ಷೆಯಲ್ಲಿ ಗೆದ್ದವನಿಗೆ ನ್ಯಾಯಸ್ಥಾನ; ನಾಲ್ಕರಲ್ಲಿಯೂ ಗೆದ್ದವನು ಮಂತ್ರಿ. ಒಂದು ಪರೀಕ್ಷೆ ಗೆದ್ದವನು ಇನ್ನೊಂದರಲ್ಲಿ ಸೋಲಬಹುದೆಂಬುದು ಆ ಹಿರಿಯನಿಗೆ ತಿಳಿದಿತ್ತು.

ಮರುದಿನ ಹುಡುಗನಿಗೆ ಹೇಳಿದೆವು: "ಪ್ರಾಮಾಣಿಕತೆ ಎಂದೇ ಬರಿ. ಆ ಶಬ್ದದೊಳಗೆ 'ಪ್ರಮಾಣ' ಇದೆ. ಅಳತೆಗೆ ಸಿಕ್ಕುವವನು, ಸಾಕ್ಷಿಗೆ ನಿಲ್ಲುವವನು ಪ್ರಾಮಾಣಿಕ. ಬರೀ ಒಳ್ಳೆಯವನು ಎಂದಲ್ಲ."

ಹುಡುಗ ಸಂತೋಷದಿಂದ ಹೋದ. ನಮಗೆ ಮಾತ್ರ ಹಳೆಯದೊಂದು ನೆನಪು ಚುಚ್ಚಿತು. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ನಾವು ಪೀಠಕ್ಕೆ ಬಂದ ಹೊಸದು. ದಾಸೋಹದ ಉಗ್ರಾಣವನ್ನು ಒಬ್ಬ ಹಿರಿಯರು ನೋಡಿಕೊಳ್ಳುತ್ತಿದ್ದರು. ಭಕ್ತರೊಬ್ಬರು ಬಂದು, "ಬುದ್ಧಿ, ಒಮ್ಮೆ ದವಸ ತೂಗಿಸಬೇಕು" ಎಂದರು. ನಮಗೆ ಸಿಟ್ಟು ಬಂತು. "ಅವರು ಪರಮ ಭಕ್ತರು. ಅವರನ್ನು ಅನುಮಾನಿಸುವುದೆ?" ಎಂದು ಗದರಿಸಿ ಕಳಿಸಿದೆವು. ಸಂಜೆ ಆ ಹಿರಿಯರೇ ಬಂದು ಬೀಗದ ಕೈ ನಮ್ಮ ಪಾದದ ಬಳಿ ಇಟ್ಟರು. "ತೂಗಿಸಿ ಬುದ್ಧಿ. ಯಾರೂ ನೋಡದೇ ಇದ್ರೆ ನಾನು ಸಾಚಾ ಅಂತ ನನಗೇ ಹೆಂಗೆ ಗೊತ್ತಾಗಬೇಕು?" ಎಂದರು.

ತೂಗಿಸಿದೆವು. ಮೂರು ಮೂಟೆ ರಾಗಿ ಕಡಿಮೆ. ಆ ಹಿರಿಯರು ತಲೆ ತಗ್ಗಿಸಿ ನಿಂತರು, ಮಾತನಾಡಲಿಲ್ಲ. ಆಗ ನಮಗೆ ನೆನಪಾಯಿತು. ಬೇಕಾದವರ ಮನೆಯ ಮದುವೆಗೆಂದು ಮೂರು ಮೂಟೆ ಕಳಿಸಲು ಬಾಯಿ ಮಾತಿನಲ್ಲಿ ಅಪ್ಪಣೆ ಮಾಡಿದವರು ನಾವೇ. ಲೆಕ್ಕಕ್ಕೆ ಬರೆಸಿರಲಿಲ್ಲ. ಅವರಿಗೆ ಅದು ಗೊತ್ತಿತ್ತು. ಗುರುವಿನ ಮಾನ ಉಳಿಸಲು ತಾವು ಕಳ್ಳರಾಗಲೂ ಸಿದ್ಧರಿದ್ದರು.

ಅಂದು ನಾವು ಅನುಮಾನವೆಂದು ಹಳಿದದ್ದು ನಿಜವಾಗಿ ಅವರಿಗೆ ರಕ್ಷೆಯಾಗಿತ್ತು. ಲೆಕ್ಕ ಕೇಳದ ಭಕ್ತಿ, ಪಾಪ, ಒಳ್ಳೆಯವರ ತಲೆಯ ಮೇಲೆ ಅಪವಾದ ಹೊರಿಸುತ್ತದೆ. ಮುಂದೆ ಕೂತವನ ತಪ್ಪನ್ನು ಹಚ್ಚಡದಂತೆ ಮುಚ್ಚುತ್ತದೆ. ಬಂದವರೆಲ್ಲರ ಎದುರಿಗೆ ನಮ್ಮ ತಪ್ಪು ಒಪ್ಪಿಕೊಂಡು, ಆ ರಾಗಿಯನ್ನು ತುಂಬಿಸಿಕೊಟ್ಟೆವು. ಆ ಹಿರಿಯರು ಈಗ ಲಿಂಗೈಕ್ಯರು.

ದಾಸೋಹದ ಅನ್ನ ಸಮಾಜದ್ದು. ಸಂಘದ ಹಣವೂ ಹಾಗೆಯೇ, ಪಂಚಾಯಿತಿಯ ಹಣವೂ ಹಾಗೆಯೇ. ನಿಮ್ಮ ಕೈಯಲ್ಲಿ ಅಂಥದ್ದು ಇದ್ದರೆ, ಲೆಕ್ಕ ಕೇಳಿದವನ ಮೇಲೆ ಮುನಿಯಬೇಡಿ. ಅವನು ನಿಮ್ಮನ್ನು ಒರೆಗೆ ಹಚ್ಚುವ ಬಂಧು. ಬೇರೆಯವರ ಕೈಯಲ್ಲಿದ್ದರೆ, ಪ್ರೀತಿಯಿಂದ ಕೇಳಿ, ಆದರೆ ಕೇಳದೆ ಇರಬೇಡಿ. ಮೊದಲು ಇಲ್ಲಿಂದಲೇ ಆಗಲಿ. ಉಗ್ರಾಣದ ಲೆಕ್ಕದ ಪುಸ್ತಕ ಈ ವರ್ಷವೂ ಪ್ರಸಾದ ನಿಲಯದ ಬಾಗಿಲಲ್ಲಿ ಇಟ್ಟಿದೆ. ಪ್ರಸಾದಕ್ಕೆ ಹೋಗುವಾಗ ತೆರೆದು ನೋಡಿ ಹೋಗಿ.