ನಿಮ್ಮ ಕೋಡ್ ಎಷ್ಟು ಫಾಸ್ಟ್? ಗೋಡೆ ಗಡಿಯಾರ ನೋಡಿ ಹೇಳ್ಬೇಡಿ

ಕೋಡಿಂಗ್ ಕಲಿಯೋರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ನಾನು ಬರೆದ ಕೋಡ್ ಓಡೋಕೆ ಎಷ್ಟು ಹೊತ್ತು ಬೇಕು? ಉತ್ತರ ಸುಲಭ ಅನ್ಸುತ್ತೆ. ಶುರುವಾದಾಗ ಟೈಮ್ ನೋಡು, ಮುಗಿದಾಗ ಟೈಮ್ ನೋಡು, ಕಳೆ. ನಾವೆಲ್ಲ ಹೀಗೇ ಮಾಡಿದ್ದೀವಿ. ಆದ್ರೆ ಇದರಲ್ಲೇ ಒಂದು ಎಡವಟ್ಟಿದೆ.

2017ರ ಜನವರಿ 1. ನಮ್ಮಲ್ಲಿ ಬೆಳಗಿನ ಜಾವ ಐದೂವರೆ. ಭೂಮಿ ತಿರುಗುವ ವೇಗಕ್ಕೆ ಹೊಂದಿಸೋಕೆ ಅಂತ ಜಗತ್ತಿನ ಗಡಿಯಾರಗಳಿಗೆ ಒಂದು ಹೆಚ್ಚುವರಿ ಸೆಕೆಂಡ್, ಅಂದರೆ ಲೀಪ್ ಸೆಕೆಂಡ್, ಸೇರಿಸಿದರು. ಅದೇ ಹೊತ್ತಿಗೆ ಕ್ಲೌಡ್‌ಫ್ಲೇರ್ ಕಂಪನಿಯ ಕೆಲವು ಸರ್ವರ್‌ಗಳಲ್ಲಿ ಡಿಎನ್‌ಎಸ್ ಸಾಫ್ಟ್‌ವೇರ್ ಕೈಕೊಟ್ಟಿತು. ಬೇರೆ ಸರ್ವರ್‌ನಿಂದ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಅದು ಅಳೆಯುತ್ತಿತ್ತು. ಗಡಿಯಾರ ಹಿಂದಕ್ಕೆ ಜಾರಿದ್ದರಿಂದ ಲೆಕ್ಕ ಮೈನಸ್ ಬಂತು. ಪ್ರಶ್ನೆ ಕೇಳೋ ಮೊದಲೇ ಉತ್ತರ ಬಂದ ಹಾಗೆ! ಸಮಯ ಮೈನಸ್ ಆಗಬಹುದು ಅನ್ನೋದಕ್ಕೆ ಆ ಕೋಡ್ ತಯಾರೇ ಇರಲಿಲ್ಲ. ಪ್ರೋಗ್ರಾಂ ಕುಸಿಯಿತು. ರಿಪೇರಿ ಎಷ್ಟು ಗೊತ್ತಾ? ಒಂದೇ ಒಂದು ಅಕ್ಷರ. 'ಸೊನ್ನೆಗೆ ಸಮ' ಅಂತ ಇದ್ದದ್ದು 'ಸೊನ್ನೆ ಅಥವಾ ಅದಕ್ಕಿಂತ ಕಡಿಮೆ' ಅಂತ ಆಯಿತು.

ಹಾಗಾಗಿ ನೆನಪಿಡಿ, ಗೋಡೆ ಗಡಿಯಾರ ಬೇರೆ, ಸ್ಟಾಪ್‌ವಾಚ್ ಬೇರೆ. ನಿಮ್ಮ ಫೋನು, ಲ್ಯಾಪ್‌ಟಾಪ್ ನೆಟ್‌ವರ್ಕ್ ನೋಡಿಕೊಂಡು ಆಗಾಗ ತಮ್ಮ ಟೈಮ್ ತಾವೇ ಸರಿಮಾಡಿಕೊಳ್ಳುತ್ತವೆ. ಪೈಥಾನ್‌ನ 'ಟೈಮ್ ಡಾಟ್ ಟೈಮ್' ಓದೋದು ಆ ಗಡಿಯಾರವನ್ನೇ. ಕೋಡ್ ಅಳೆಯೋಕೆ ಬೇಕಾದ್ದು ಮುಂದಕ್ಕೆ ಮಾತ್ರ ಓಡುವ ಮೊನೊಟೋನಿಕ್ ಗಡಿಯಾರ. ಪೈಥಾನ್‌ನಲ್ಲಿ ಅದಕ್ಕೆ 'ಪರ್ಫ್ ಕೌಂಟರ್' ಇದೆ. 2012ರಲ್ಲಿ ಬಂದ 3.3 ಆವೃತ್ತಿಯಿಂದಲೇ ಇದೆ. ಕ್ಲೌಡ್‌ಫ್ಲೇರ್‌ನ ಆ ಕೋಡ್ ಇದ್ದದ್ದು ಗೋ ಭಾಷೆಯಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ಗೋ 1.9ರಲ್ಲಿ ಈ ಸೌಲಭ್ಯ ಸೇರಿತು.

ಸರಿ, ಸ್ಟಾಪ್‌ವಾಚ್ ಸಿಕ್ತು. ಒಂದು ಸಲ ಅಳೆದರೆ ಸಾಕಾ? ಸಾಲದು. ನಿಮ್ಮ ಕೋಡ್ ಓಡುವಾಗಲೇ ಬ್ರೌಸರ್, ಆ್ಯಂಟಿವೈರಸ್, ಅಪ್‌ಡೇಟ್ ಎಲ್ಲವೂ ಪ್ರೊಸೆಸರ್‌ಗೆ ಜೋತು ಬಿದ್ದಿರುತ್ತವೆ. ಅದಕ್ಕೇ ಪೈಥಾನ್‌ನಲ್ಲಿ 'ಟೈಮ್‌ಇಟ್' ಅಂತ ಒಂದು ಮಾಡ್ಯೂಲ್ ಇದೆ. ಅದರ ಫಂಕ್ಷನ್, ನೀವು ಸಂಖ್ಯೆ ಹೇಳದಿದ್ದರೆ, ಕೋಡನ್ನು 10 ಲಕ್ಷ ಸಲ ಓಡಿಸುತ್ತೆ. ಹುಷಾರು! ಒಂದು ಸೆಕೆಂಡ್ ಹಿಡಿಯುವ ಕೋಡ್ ಕೊಟ್ಟರೆ ಹನ್ನೊಂದು ದಿನ ಕಾಯಬೇಕಾಗುತ್ತೆ. ಅಂಥದ್ದಕ್ಕೆ ಐದೋ ಹತ್ತೋ ಅಂತ ನೀವೇ ಹೇಳಿ.

ಇನ್ನೊಂದು ಗುಟ್ಟು. ಹಲವು ಸಲ ಅಳೆದಾಗ ಸರಾಸರಿಗಿಂತ ಅತಿ ಕಡಿಮೆ ಬಂದ ಅಂಕಿಯನ್ನು ನಂಬಿ. ಯಾಕಂದ್ರೆ ಬೇರೆ ಪ್ರೋಗ್ರಾಂಗಳ ಗಲಾಟೆ ನಿಮ್ಮ ಕೋಡನ್ನು ನಿಧಾನ ಮಾಡಬಹುದು, ವೇಗ ಮಾಡೋಕಾಗಲ್ಲ.

ಇವತ್ತೇ ನಿಮ್ಮ ಹಳೇ ಪ್ರಾಜೆಕ್ಟ್ ಒಂದನ್ನು ತೆಗೆದು ಅಳೆದು ನೋಡಿ. ನಿಧಾನ ಇರೋದು ನೀವು ಅಂದುಕೊಂಡ ಜಾಗದಲ್ಲೇ ಇರಬೇಕು ಅಂತೇನಿಲ್ಲ. ಮೊದಲು ಅಳೆಯಿರಿ, ಆಮೇಲೆ ರಿಪೇರಿ. ಮತ್ತೆ ಸಿಗೋಣ.