ಸಂಬಳದ ವ್ಯಾಜ್ಯ ಬಗೆಹರಿಸಿದ ನ್ಯಾಯಮೂರ್ತಿ

1954ರ ಆಗಸ್ಟ್ ತಿಂಗಳಲ್ಲಿ ದೇಶದ ಬ್ಯಾಂಕ್ ನೌಕರರು ಕೆರಳಿ ಕೂತಿದ್ದರು. ಅವರ ಸಂಬಳದ ವ್ಯಾಜ್ಯಕ್ಕೆ ಆಗಲೇ ಐದು ವರ್ಷ. 1949ರಲ್ಲಿ ನೇಮಕವಾದ ಸೆನ್ ಟ್ರಿಬ್ಯೂನಲ್ ಒಂದು ತೀರ್ಪು ಕೊಟ್ಟಿತು. ಸದಸ್ಯರೆಲ್ಲ ಕೂಡಿ ವಿಚಾರಣೆ ನಡೆಸಿರಲಿಲ್ಲವೆಂದು ಸುಪ್ರೀಂ ಕೋರ್ಟು 1951ರಲ್ಲಿ ಅದನ್ನು ರದ್ದು ಮಾಡಿತು. ಮತ್ತೆ ಮೊದಲಿನಿಂದ ಶುರು. 1953ರಲ್ಲಿ ಹೊಸ ಟ್ರಿಬ್ಯೂನಲ್ಲಿನ ತೀರ್ಪು, ಅಂದರೆ ಶಾಸ್ತ್ರಿ ಅವಾರ್ಡ್, ಬಂತು. ಅದರ ಮೇಲ್ಮನವಿ ನಡೆದು 1954ರ ಏಪ್ರಿಲ್ 28ಕ್ಕೆ ಕಾರ್ಮಿಕ ಮೇಲ್ಮನವಿ ನ್ಯಾಯಾಧಿಕರಣ ನೌಕರರಿಗೆ ಇನ್ನೊಂದಿಷ್ಟು ಕೊಟ್ಟಿತು. ಇನ್ನೇನು ಮುಗಿಯಿತು ಎನ್ನುವಾಗ ಕೇಂದ್ರ ಸರಕಾರವೇ ಆ ತೀರ್ಪಿಗೆ ಕತ್ತರಿ ಹಾಕಿತು. ಕಾರ್ಮಿಕ ಮಂತ್ರಿ ವಿ. ವಿ. ಗಿರಿ ಇದನ್ನು ಒಪ್ಪದೆ ರಾಜೀನಾಮೆ ಕೊಟ್ಟು ಹೊರಬಂದರು. ಹತ್ತು ವರ್ಷದ ಮೇಲೆ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದವರು, ಆಮೇಲೆ ರಾಷ್ಟ್ರಪತಿಯಾದವರು ಇದೇ ಗಿರಿ.

ಕೆಟ್ಟುಹೋದದ್ದನ್ನು ಸರಿಪಡಿಸಲು ಸರಕಾರ ಒಂದು ಆಯೋಗ ನೇಮಿಸಿತು. ಅದರ ಮುಖ್ಯಸ್ಥರಾಗಿದ್ದ ನ್ಯಾಯಮೂರ್ತಿ ರಾಜಾಧ್ಯಕ್ಷ ಕೆಲಸದ ನಡುವೆಯೇ ತೀರಿಕೊಂಡರು. ಆ ಸ್ಥಾನಕ್ಕೆ ಬಂದವರು ಮುಂಬಯಿ ಹೈಕೋರ್ಟಿನ ಪ್ರಹ್ಲಾದ ಬಾಳಾಚಾರ್ಯ ಗಜೇಂದ್ರಗಡಕರ. ಹುಟ್ಟಿದ್ದು 1901ರಲ್ಲಿ, ಸಾತಾರಾದಲ್ಲಿ. ಸಂಸ್ಕೃತ ವಿದ್ವಾಂಸರ ಮನೆತನ; ಹೆಸರಿನಲ್ಲಿರುವ ಗಜೇಂದ್ರಗಡ ಈಗಿನ ಗದಗ ಜಿಲ್ಲೆಯ ಊರು. ಕಾಲೇಜಿನ ಮೊದಲ ವರ್ಷಗಳನ್ನು ಅವರು ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಆಮೇಲೆ ಪುಣೆ, ವಕೀಲಿ, 1945ರಲ್ಲಿ ನ್ಯಾಯಾಧೀಶರ ಪೀಠ.

1955ರ ಜುಲೈನಲ್ಲಿ ಅವರ ವರದಿ ಬಂತು. ಮೇಲ್ಮನವಿಯ ತೀರ್ಪಿನ ಬಹುಭಾಗವನ್ನು ಉಳಿಸಿ, ಕೆಲವು ತಿದ್ದುಪಡಿ ಸೂಚಿಸಿದರು. ಅದೇ ವರ್ಷ ಸಂಸತ್ತು ಅದನ್ನು ಕಾಯ್ದೆ ಮಾಡಿತು. ವ್ಯಾಜ್ಯ ತಣ್ಣಗಾಯಿತು. ಬ್ಯಾಂಕುಗಳಲ್ಲಿ ಗುಮಾಸ್ತರನ್ನೂ ಜವಾನರನ್ನೂ ಇವತ್ತಿಗೂ ಅವಾರ್ಡ್ ಸ್ಟಾಫ್ ಎಂದು ಕರೆಯುವುದು ಆ ಕಾಲದ ತೀರ್ಪುಗಳಿಂದಲೇ ಬಂದ ರೂಢಿ.

1957ರಲ್ಲಿ ಗಜೇಂದ್ರಗಡಕರ ಸುಪ್ರೀಂ ಕೋರ್ಟಿಗೆ ಹೋದರು. ಕಾರ್ಮಿಕರ ಮೊಕದ್ದಮೆಗಳಲ್ಲಿ ಅವರು ಬರೆದ ತೀರ್ಪುಗಳು ದೇಶದ ಲೇಬರ್ ಕೋರ್ಟುಗಳಿಗೆಲ್ಲ ದಾರಿ ತೋರಿಸಿದವು. ಕ್ರೌನ್ ಅಲ್ಯುಮಿನಿಯಂ ಕಂಪನಿಯ ಪ್ರಕರಣವನ್ನೇ ನೋಡಿ. ನಷ್ಟವಾದರೆ ಸಂಬಳ ಇಳಿಸಬಹುದೇ? ಇಳಿಸಲೇಬಾರದು ಎಂದು ಅವರು ಹೇಳಲಿಲ್ಲ. ಪರಿಸ್ಥಿತಿ ನೋಡಿ ಇಳಿಸಲು ಅವಕಾಶವಿದೆ ಎಂದರು. ಆದರೆ ಹೊಟ್ಟೆಪಾಡಿನ ಕನಿಷ್ಠ ಕೂಲಿಯ ಕೆಳಗೆ ಮಾತ್ರ ಹೋಗುವಂತಿಲ್ಲ. ಅಷ್ಟನ್ನೂ ಕೊಡಲಾಗದ ಉದ್ಯಮಕ್ಕೆ ನಡೆಯುವ ಹಕ್ಕೇ ಇಲ್ಲ ಎಂಬ ನಿಲುವು ಅವರದು. ಮಾಲೀಕರ ಲೆಕ್ಕವನ್ನು ಪೂರ್ತಿ ಕೇಳಿಸಿಕೊಂಡು, ಒಂದು ಗೆರೆಯ ಹತ್ತಿರ ಬಂದಾಗ ಇನ್ನು ಸಾಕು ಎಂದ ತೀರ್ಪು ಅದು. ನನಗೆ ಅವರ ಬಗ್ಗೆ ಗೌರವ ಹುಟ್ಟಿದ್ದು ಇದನ್ನು ಓದಿದಾಗ.

1959ರ ಎಸಿಸಿ ಸಿಮೆಂಟ್ ಪ್ರಕರಣ ಬೋನಸ್ಸಿನದು. ಬೋನಸ್ಸಿಗೆ ಆಗ ಪ್ರತ್ಯೇಕ ಕಾಯ್ದೆ ಇರಲಿಲ್ಲ, 1950ರಲ್ಲಿ ಮೇಲ್ಮನವಿ ನ್ಯಾಯಾಧಿಕರಣ ಹಾಕಿಕೊಟ್ಟ ಒಂದು ಸೂತ್ರವಿತ್ತು. ಒಟ್ಟು ಲಾಭದಿಂದ ಯಂತ್ರಗಳ ಸವಕಳಿ ಕಳೆಯಬೇಕು, ಆದಾಯ ತೆರಿಗೆ ಕಳೆಯಬೇಕು, ಷೇರುದಾರರ ಬಂಡವಾಳಕ್ಕೆ ನೂರಕ್ಕೆ 6ರಂತೆ ಪ್ರತಿಫಲ ಕಳೆಯಬೇಕು, ಹಳೆಯ ಯಂತ್ರ ಬದಲಿಸಲು ಹಣ ತೆಗೆದಿಡಬೇಕು. ಉಳಿದರೆ ಅದರಲ್ಲಿ ಕಾರ್ಮಿಕರಿಗೂ ಪಾಲು. ಜಗಳವೆಲ್ಲ ಯಂತ್ರ ಬದಲಿಸುವ ಆ ಬಾಬ್ತಿನ ಮೇಲೆ, ಏಕೆಂದರೆ ಮಾಲೀಕರು ಅಲ್ಲಿ ದೊಡ್ಡ ಮೊತ್ತ ತೋರಿಸಿದರೆ ಹಂಚಲು ಏನೂ ಉಳಿಯದು. ಗಜೇಂದ್ರಗಡಕರ ಸೂತ್ರವನ್ನು ಉಳಿಸಿಕೊಂಡರು, ಆದರೆ ಕೇಳಿದ ಮೊತ್ತಕ್ಕೆ ಮಾಲೀಕರು ಸರಿಯಾದ ಸಾಕ್ಷ್ಯ ಒದಗಿಸಬೇಕು ಎಂದರು. ಈ ಪ್ರಶ್ನೆಯನ್ನು ಉನ್ನತ ಆಯೋಗವೊಂದು ಪರಿಶೀಲಿಸುವುದು ಒಳ್ಳೆಯದೆಂದೂ ಸೂಚಿಸಿದರು. 1961ರಲ್ಲಿ ಬೋನಸ್ ಆಯೋಗ, 1965ರಲ್ಲಿ ಬೋನಸ್ ಕಾಯ್ದೆ ಬಂದವು. ದೀಪಾವಳಿಯ ಹೊತ್ತಿಗೆ ಬೋನಸ್ ಎಣಿಸಿಕೊಳ್ಳುವ ಕಾರ್ಮಿಕರಲ್ಲಿ ಈ ಕಥೆ ಗೊತ್ತಿರುವವರು ಕಡಿಮೆ.

1964ರಿಂದ 1966ರ ಮಾರ್ಚ್‌ವರೆಗೆ ಅವರು ದೇಶದ ಮುಖ್ಯ ನ್ಯಾಯಮೂರ್ತಿ. ನಿವೃತ್ತಿಯಾದ ವರ್ಷವೇ ಕೇಂದ್ರ ನೌಕರರ ತುಟ್ಟಿಭತ್ಯೆಯ ಆಯೋಗ ಅವರ ಹೆಗಲೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗ. ಇತ್ತ ಅದೇ ವರ್ಷದ ಅಕ್ಟೋಬರಿನಲ್ಲಿ ಬ್ಯಾಂಕುಗಳೂ ನೌಕರರ ಸಂಘಗಳೂ ಟ್ರಿಬ್ಯೂನಲ್ ಇಲ್ಲದೆಯೇ ಎದುರುಬದುರು ಕೂತು ಮೊದಲ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಹಾಕಿದ್ದವು.

ಕಾರ್ಮಿಕ ಆಯೋಗದ ವರದಿ ಬಂದದ್ದು 1969ರ ಆಗಸ್ಟಿನಲ್ಲಿ. ಅದರಲ್ಲಿರುವ ಒಂದು ಶಿಫಾರಸು ಅವರ ಇಡೀ ವೃತ್ತಿಜೀವನದ ಫಲವೆಂದೇ ನಾನು ತಿಳಿಯುತ್ತೇನೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ವಿವಾದವನ್ನು ಟ್ರಿಬ್ಯೂನಲ್ಲಿಗೆ ಒಪ್ಪಿಸಬೇಕೇ ಬೇಡವೇ ಎಂದು ತೀರ್ಮಾನಿಸುತ್ತಿದ್ದುದು ಸರಕಾರ. ಮಂತ್ರಿಗೆ ಬೇಕಾದ ಸಂಘದ ಕಡತ ಬೇಗ ಓಡುತ್ತಿತ್ತು, ಬೇಡವಾದದ್ದು ಧೂಳು ತಿನ್ನುತ್ತಿತ್ತು. ಈ ಅಧಿಕಾರವನ್ನು ಸರಕಾರದ ಕೈಯಿಂದ ತೆಗೆದು, ಕೇಂದ್ರದಲ್ಲೂ ರಾಜ್ಯಗಳಲ್ಲೂ ಸ್ವತಂತ್ರ ಕೈಗಾರಿಕಾ ಸಂಬಂಧ ಆಯೋಗಗಳಿಗೆ ಒಪ್ಪಿಸಬೇಕು ಎಂದಿತು ವರದಿ. ರಾಜಿ ಮಾಡಿಸುವುದು, ತೀರ್ಪು ಕೊಡುವುದು, ಯಾವ ಸಂಘಕ್ಕೆ ಮನ್ನಣೆ ಎಂದು ತೀರ್ಮಾನಿಸುವುದು ಎಲ್ಲವೂ ಅಲ್ಲೇ ನಡೆಯಬೇಕು. 1954ರಲ್ಲಿ ಸರಕಾರದ ಕತ್ತರಿ ಮಾಡಿದ ಗಾಯಕ್ಕೆ ಮದ್ದು ಹಾಕಿದ ಕೈಯೇ ಇದನ್ನೂ ಬರೆಯಿತು ಎಂಬುದನ್ನು ಮರೆಯಬಾರದು.

ಆ ಆಯೋಗಗಳು ಹುಟ್ಟಲೇ ಇಲ್ಲ. ಗಜೇಂದ್ರಗಡಕರ ಕಾನೂನು ಆಯೋಗದ ಅಧ್ಯಕ್ಷರಾಗಿ ದುಡಿದು, 1981ರಲ್ಲಿ ತೀರಿಕೊಂಡರು. ಏಳು ವರ್ಷದ ಮೇಲೆ, 1988ರಲ್ಲಿ ನಮ್ಮ ಕರ್ನಾಟಕ ಸರಕಾರದ ಕೈಯಲ್ಲಿದ್ದ ಆ ಬಾಗಿಲನ್ನು ಸ್ವಲ್ಪ ತೆರೆಯಿತು. ಕೈಗಾರಿಕಾ ವಿವಾದ ಕಾಯ್ದೆಗೆ ರಾಜ್ಯದ ತಿದ್ದುಪಡಿ ಬಂದು, ಕೆಲಸದಿಂದ ತೆಗೆದುಹಾಕಲ್ಪಟ್ಟ ಕಾರ್ಮಿಕ ಆರು ತಿಂಗಳೊಳಗೆ ತಾನೇ ನೇರವಾಗಿ ಲೇಬರ್ ಕೋರ್ಟಿಗೆ ಅರ್ಜಿ ಹಾಕುವ ಹಕ್ಕು ಪಡೆದ. ದೇಶಕ್ಕೆಲ್ಲ ಇಂಥ ಹಕ್ಕು ಸಿಗಲು 2010 ಬರಬೇಕಾಯಿತು. ಸಂಬಳದ ವಿವಾದ ಮಾತ್ರ ಆ ಕಾಯ್ದೆಯ ಕೆಳಗೆ ಸರಕಾರದ ಆದೇಶಕ್ಕೇ ಕಾಯುತ್ತ ಉಳಿಯಿತು.